ಆರೋಪಿ ವಿದೇಶದಲ್ಲಿ

2018ರ ಸೆಪ್ಟೆಂಬರ್ 6ರಂದು, ವಯಸ್ಕರಿಬ್ಬರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ಇರಿಸಿಕೊಳ್ಳುವ ಸಲಿಂಗ ಸಂಬಂಧಕ್ಕೆ ಭಾರತೀಯ ದಂಡ ಸಂಹಿತೆಯ 377ನೇ ಕಲಂ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಮರುದಿನ ನಮ್ಮ ಪತ್ರಿಕೆಯ ಕಾಸರಗೋಡು ಪುಟದ ಕೆಳಗಡೆ ಐದು ಸಾಲಿನ ಸುದ್ದಿಯೊಂದಿತ್ತು. ಜಿಲ್ಲೆಯ ನ್ಯಾಯಾಲಯಗಳಲ್ಲಿ ಈ ಕಲಮಿನಡಿ ಯಾವ ಪ್ರಕರಣವೂ ಬಾಕಿ ಇಲ್ಲ ಎಂಬುದು ಅದರ ಕೊನೆಯ ವಾಕ್ಯ. ಬರೆದವನು ನಾನು. ಸುದ್ದಿ ತಪ್ಪಾಗಿತ್ತು.

ತಪ್ಪೆಂದು ನನಗೆ ತಿಳಿದದ್ದು ಕಳೆದ ವರ್ಷ ಜೂನ್ ತಿಂಗಳ ಒಂದು ಸೋಮವಾರ. ಅಂದು ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದವರು ಒಬ್ಬ ಸರಕಾರಿ ಗುಮಾಸ್ತರು. ವಯಸ್ಸು ಮೂವತ್ತೆಂಟು. ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗಾಗಿ ನಮ್ಮ ಜಿಲ್ಲೆಯಲ್ಲಿ ಲೋಕಸೇವಾ ಆಯೋಗದ (ಪಿ.ಎಸ್.ಸಿ.) ಮೂಲಕ ತುಂಬುವ ಹುದ್ದೆಗೆ ಆಯ್ಕೆಯಾಗಿ ಕೆಲವು ತಿಂಗಳ ಹಿಂದಷ್ಟೇ ಕೆಲಸಕ್ಕೆ ಸೇರಿದ್ದರು. ಪ್ಲಾಸ್ಟಿಕ್ ಕವರಿನಿಂದ ಎರಡು ಕಾಗದ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಂದು ನನ್ನ ಐದು ಸಾಲಿನ ಸುದ್ದಿಯ ತುಣುಕು, ಹಳದಿಯಾಗಿತ್ತು. ಇನ್ನೊಂದು ಅವರ ಇಲಾಖೆಯ ಮೆಮೊ.

"ಇದನ್ನು ಬರೆದದ್ದು ಯಾರು ಅಣ್ಣಾ?"

"ನಾನೇ."

"ಹಾಗಾದ್ರೆ ಈ ಇನ್ನೊಂದನ್ನು ಸಹ ನೀವೇ ಓದಿ."

ಮೆಮೊ ಮಲಯಾಳದಲ್ಲಿತ್ತು. ಪೊಲೀಸ್ ಪರಿಶೀಲನೆಯಲ್ಲಿ ಇವರ ಮೇಲೆ 377ನೇ ಕಲಮಿನ ಪ್ರಕರಣವೊಂದು ಇರುವುದು ಕಂಡುಬಂದಿದೆ. ಕೆಲಸಕ್ಕೆ ಸೇರುವಾಗ ತುಂಬಿದ ಫಾರ್ಮಿನಲ್ಲಿ 'ಕ್ರಿಮಿನಲ್ ಪ್ರಕರಣ ಬಾಕಿ ಇದೆಯೇ' ಎಂಬ ಪ್ರಶ್ನೆಗೆ ಇವರು 'ಇಲ್ಲ' ಎಂದು ಬರೆದಿದ್ದಾರೆ. ಮಾಹಿತಿ ಮುಚ್ಚಿಟ್ಟದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದೆಂದು ಹದಿನೈದು ದಿನಗಳಲ್ಲಿ ವಿವರಣೆ ಕೊಡಬೇಕು. ಹದಿನೈದರಲ್ಲಿ ನಾಲ್ಕು ದಿನ ಆಗಲೇ ಕಳೆದಿತ್ತು.

"ನಾನು ಏಳು ವರ್ಷ ಬೋವಿಕಾನದಲ್ಲಿ ಝೆರಾಕ್ಸ್ ಅಂಗಡಿ ಇಟ್ಟು ಊರಿನವರ ಫಾರ್ಮ್ ತುಂಬಿಸಿದವ. ಯಾವ ಕಾಲಮಿನಲ್ಲಿ ಎಂತ ಬರೆಯಬೇಕು ಅಂತ ನನಗೆ ಚೆನ್ನಾಗಿ ಗೊತ್ತುಂಟು. 'ಇಲ್ಲ' ಅಂತ ಬರೆಯುವ ಮೊದಲು ಈ ಪೇಪರ್ ತೆಗೆದು ನೋಡಿದ್ದೇನೆ. ಪೇಪರಿನವರು ಕೇಳಿಯೇ ಬರ್ದಿರ್ತಾರೆ ಅಂತ ನಂಬಿದ್ದು ತಪ್ಪಾ?"

ಪಿ.ಎಸ್.ಸಿ. ಪರೀಕ್ಷೆಯನ್ನು ಮತ್ತೊಮ್ಮೆ ಬರೆಯುವ ವಯೋಮಿತಿ ಅವರಿಗೆ ಮುಗಿಯುತ್ತ ಬಂದಿತ್ತು. ಈ ಕೆಲಸ ಹೋದರೆ ಇನ್ನೊಂದಿಲ್ಲ.

ಪ್ರಕರಣ 2016ರದ್ದು. ಆಗ ಅವರು ನಮ್ಮ ಜಿಲ್ಲೆಯದ್ದೇ ಅನಂತಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಹತ್ತಿರದಲ್ಲೇ ಬಾಡಿಗೆ ಕೋಣೆ. ಒಂದು ಭಾನುವಾರ ಸಂಜೆ ಕಟ್ಟಡದ ಮಾಲೀಕ ನಾಲ್ಕು ಜನರನ್ನು ಕರೆದುಕೊಂಡು ಬಂದು ಬಾಗಿಲು ಒಡೆಸಿ, ಇವರನ್ನೂ ಇವರ ಜತೆಗಿದ್ದವರನ್ನೂ ಠಾಣೆಗೆ ಒಪ್ಪಿಸಿದ್ದ. ಇಬ್ಬರ ಮೇಲೂ ಎಫ್.ಐ.ಆರ್. ಆಯಿತು. ಕರೆದಾಗ ಬರಬೇಕೆಂದು ಸಹಿ ಹಾಕಿಸಿ ಬಿಟ್ಟರು. ಜಾಮೀನುರಹಿತ ಕಲಮಿನಲ್ಲಿ ಹಾಗೆ ಬಿಟ್ಟದ್ದು ಹೇಗೆಂದು ಕಡತದಲ್ಲಿ ಎಲ್ಲಿಯೂ ಇಲ್ಲ. ಜತೆಗಿದ್ದವರ ವಿಷಯ ನಾನು ಹೆಚ್ಚು ಬರೆಯುವುದಿಲ್ಲ. ಅವರ ಒಪ್ಪಿಗೆ ಕೇಳಲು ನನಗೆ ಅವರು ಸಿಕ್ಕಿಲ್ಲ.

ಠಾಣೆಯವರು ಮತ್ತೆ ಕರೆಯಲಿಲ್ಲ. ಇವರು ಕಾರ್ಖಾನೆ ಬಿಟ್ಟು, ಪುತ್ತಿಗೆಯಲ್ಲಿ ಅಕ್ಕ ಇರುವ ಸ್ವಂತ ಮನೆಯನ್ನೂ ಬಿಟ್ಟು, ಜಿಲ್ಲೆಯೊಳಗೇ ಇರುವ ಬೋವಿಕಾನಕ್ಕೆ ಹೋದರು. ಎರಡು ವರ್ಷದ ಮೇಲೆ ತೀರ್ಪು ಬಂತು. ಮರುದಿನ ನನ್ನ ಸುದ್ದಿ ಬಂತು. ಅಲ್ಲಿಗೆ ಮುಗಿಯಿತೆಂದು ಅವರು ತಿಳಿದರು.

2018ರಲ್ಲಿ ನಾನು ಮಾಡಿದ್ದು ಒಂದು ಫೋನ್ ಕರೆ. ಪರಿಚಯದ ಪೊಲೀಸ್ ಅಧಿಕಾರಿಯೊಬ್ಬರಿಗೆ, "377ರಲ್ಲಿ ಬಾಕಿ ಕೇಸು ಉಂಟಾ?" ಎಂದು ಕೇಳಿದ್ದೆ. ಐದು ನಿಮಿಷ ಬಿಟ್ಟು ಅವರು "ಒಂದೂ ಇಲ್ಲ" ಎಂದರು. ಕೋರ್ಟಿನಲ್ಲಿ ವಿಚಾರಿಸಲಿಲ್ಲ. ಸಂಜೆ ಆರಕ್ಕೆ ಪುಟ ಮುಗಿಸಬೇಕಿತ್ತು.

ಅಧಿಕಾರಿ ಸುಳ್ಳು ಹೇಳಿರಲಿಲ್ಲ. ಕೇರಳದ ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ, ಆರೋಪಿ ಸಿಗದ ಪ್ರಕರಣವನ್ನು ಕೆಲವು ಕಾಲ ಕಾದು 'ಎಲ್.ಪಿ.' ಎಂಬ ಬೇರೆ ರಿಜಿಸ್ಟರಿಗೆ ವರ್ಗಾಯಿಸುತ್ತಾರೆ. ಲಾಂಗ್ ಪೆಂಡಿಂಗ್, ದೀರ್ಘಕಾಲದಿಂದ ಉಳಿದದ್ದು ಎಂದು ಅರ್ಥ. ಅದಕ್ಕೆ ಹೊಸ ಸಂಖ್ಯೆ ಬೀಳುತ್ತದೆ, ವಾರಂಟ್ ಜೀವಂತ ಇರುತ್ತದೆ, ಆದರೆ ಬಾಕಿ ಪ್ರಕರಣಗಳ ಪಟ್ಟಿಯಲ್ಲಿ ಅದನ್ನು ಎಣಿಸುವುದಿಲ್ಲ. ಇಪ್ಪತ್ತೊಂದು ವರ್ಷ ಕೋರ್ಟ್ ಸುದ್ದಿ ಬರೆದವನಿಗೆ ಈ ರಿಜಿಸ್ಟರ್ ಇರುವುದು ಗೊತ್ತಿತ್ತು. ಕೇಳಬೇಕೆಂದು ತೋಚಲಿಲ್ಲ.

ನನಗೆ ಪರಿಚಯವಿದ್ದ ಒಬ್ಬ ವಕೀಲೆಯ ಬಳಿಗೆ ಅವರನ್ನು ಕರೆದುಕೊಂಡು ಹೋದೆ. ಆಕೆ ಮೆಮೊ ಓದಿ ಮೊದಲು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

"ನಿಮ್ಮ ಪೇಪರಿನವರಿಗೆ ಅರೆಸ್ಟ್ ಅಂದ್ರೆ ಫೋಟೋ ಸಮೇತ ಬೇಕು. ಬಿಡುಗಡೆ ಅಂದ್ರೆ ಜಾಗ ಇಲ್ಲ. ಈಗ ನೋಡಿ, ಜಾಗ ಇದ್ದದ್ದಕ್ಕೆ ಬರೆದ ಒಂದು ಸಾಲು ಸಹ ಹೀಗೆ."

"ಈಗ ಎಂತ ಮಾಡುದು ಹೇಳಿ ಮೇಡಂ," ಎಂದರು ಗುಮಾಸ್ತರು.

"ಮೊದಲು ಕಡತ ನೋಡ್ಬೇಕು. ನಿಮ್ಮ ಮೇಲೆ ವಾರಂಟ್ ಉಂಟು. ನೀವು ಕಾಪಿಗೆ ಅರ್ಜಿ ಹಾಕಿದ್ರೆ ಕಾಪಿಗಿಂತ ಮೊದಲು ಪೊಲೀಸ್ ಬರ್ತದೆ. ಇವರು ಹಾಕಲಿ. ಮೂರನೆಯವರಿಗೂ ಪ್ರತಿ ಕೇಳ್ಲಿಕ್ಕೆ ಆಗ್ತದೆ, ಕಾರಣ ಕೊಟ್ರೆ."

ಇಲಾಖೆಯಿಂದ ಅವರು ವಿವರಣೆಗೆ ಒಂದು ತಿಂಗಳ ಹೆಚ್ಚಿನ ಸಮಯ ಕೇಳಿ ಪಡೆದರು. ನಾನು ಅರ್ಜಿ ಹಾಕಿದೆ. ಕಾರಣ ಸಾಲದೆಂದು ಅದು ಹಿಂದೆ ಬಂತು. 'ಪ್ರಕಟಿತ ಸುದ್ದಿಯ ತಿದ್ದುಪಡಿಗಾಗಿ' ಎಂದು ಸೇರಿಸಿ ಮತ್ತೆ ಕೊಟ್ಟೆ. ಪ್ರಕರಣ ಸಂಖ್ಯೆ ತಪ್ಪೆಂದು ಹಿಂದೆ ಬಂತು. ನಾನು ಬರೆದದ್ದು ಹಳೆಯ ಸಂಖ್ಯೆ. ಹೊಸ ಸಂಖ್ಯೆ ಎಲ್ಲಿದೆ? ಎಲ್.ಪಿ. ರಿಜಿಸ್ಟರಿನಲ್ಲಿ. ರಿಜಿಸ್ಟರ್ ನೋಡಬಹುದೇ? ಅದಕ್ಕೆ ಬೇರೆ ಅರ್ಜಿ. ಆ ಅರ್ಜಿಯಲ್ಲಿ ಏನು ಬರೆಯಬೇಕು? ಪ್ರಕರಣದ ಸಂಖ್ಯೆ. ಇದನ್ನು ಹೇಳಿದ ಸಿಬ್ಬಂದಿ ನಗಲಿಲ್ಲ. ದಿನಕ್ಕೆ ಹತ್ತು ಜನರಿಗೆ ಹೇಳುವ ಮಾತಿರಬೇಕು. ಇಂಟರ್‌ನೆಟ್ಟಿನಲ್ಲಿ ಹೆಸರು ಹಾಕಿ ಹುಡುಕಿದರೆ ಏನೂ ಬರುತ್ತಿರಲಿಲ್ಲ. ಕೊನೆಗೆ ಸಂಖ್ಯೆ ಸಿಕ್ಕಿದ್ದು ಇಲಾಖೆಯ ಮೆಮೊಗೆ ಪೊಲೀಸರು ಲಗತ್ತಿಸಿದ್ದ ವರದಿಯ ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ. ಅಲ್ಲಿಯವರೆಗೆ ಆ ಹಾಳೆಯನ್ನು ಮಗುಚಿ ನೋಡಬೇಕೆಂದು ನಮಗೆ ಮೂವರಿಗೂ ಹೊಳೆದಿರಲಿಲ್ಲ.

ಹದಿನೆಂಟು ದಿನಗಳ ನಂತರ ಪ್ರತಿ ಕೈಗೆ ಬಂತು. ಆರೋಪಪಟ್ಟಿ ಸಲ್ಲಿಕೆಯಾದದ್ದು 2017ರ ಕೊನೆಗೆ. ಇಬ್ಬರು ಆರೋಪಿಗಳು, ಇಬ್ಬರೂ ವಯಸ್ಕರು. ಬಲಾತ್ಕಾರ ಎಂದು ಯಾರೂ ದೂರಿಲ್ಲ. ದೂರುದಾರ ಕಟ್ಟಡದ ಮಾಲೀಕ. ಒಂದನೇ ಆರೋಪಿ, ಎಂದರೆ ನಮ್ಮ ಗುಮಾಸ್ತರು, ಸಮನ್ಸಿಗೆ ಸಿಕ್ಕಿಲ್ಲ. ಪುತ್ತಿಗೆಯ ವಿಳಾಸಕ್ಕೆ ಹೋಗಿ ಬಂದ ಪೊಲೀಸ್ ಪೇದೆಯ ವರದಿ ಎರಡೇ ಸಾಲು: 'ಆರೋಪಿ ವಿದೇಶದಲ್ಲಿದ್ದಾನೆಂದು ಮನೆಯಲ್ಲಿದ್ದ ಸಹೋದರಿ ತಿಳಿಸಿದ್ದಾರೆ. ಹಿಂದಿರುಗುವ ದಿನ ತಿಳಿದಿಲ್ಲ.'

ಗುಮಾಸ್ತರು ಅದನ್ನು ಎರಡು ಸಲ ಓದಿದರು.

"ನನಗೆ ಪಾಸ್‌ಪೋರ್ಟೇ ಇಲ್ಲ," ಎಂದರು.

ನಮ್ಮ ಜಿಲ್ಲೆಯಲ್ಲಿ ಕಣ್ಣಿಗೆ ಬೀಳದ ಗಂಡಸು ಗಲ್ಫಿನಲ್ಲಿರುತ್ತಾನೆ. ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಪೇದೆಯೂ ಕೇಳಿರಲಿಲ್ಲ.

ಆ ಭಾನುವಾರ ನಾವು ಪುತ್ತಿಗೆಗೆ ಹೋದೆವು. ಅಕ್ಕ ಇವರಿಗಿಂತ ಹನ್ನೆರಡು ವರ್ಷ ದೊಡ್ಡವರು, ಬೀಡಿ ಕಟ್ಟುತ್ತಾರೆ. ಮನೆಮಾತು ತುಳು, ನಾನಿದ್ದುದರಿಂದ ಕನ್ನಡದಲ್ಲಿ ಮಾತಾಡಿದರು. ಚಾ ಕೊಟ್ಟು, ಮೊರ ತೊಡೆಯ ಮೇಲಿಟ್ಟುಕೊಂಡು ಕೂತರು. ವರದಿಯ ಸಾಲನ್ನು ನಾನು ಓದಿ ಹೇಳಿದೆ.

"ಹೌದು, ನಾನೇ ಹೇಳಿದ್ದು," ಎಂದರು. ಕೈ ನಿಲ್ಲಲಿಲ್ಲ.

"ಎಂತಕ್ಕೆ ಅಕ್ಕ ಹಾಗೆ ಹೇಳಿದ್ದು? ನಾನು ಬೋವಿಕಾನದಲ್ಲಿ ಇರುದು ನಿನಗೆ ಗೊತ್ತಿರ್ಲಿಲ್ವಾ? ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಬರ್ತಿದ್ದಿ, ಉಪ್ಪಿನಕಾಯಿ ಹಿಡ್ಕೊಂಡು."

"ಪೊಲೀಸ್ ಬಂದ ದಿವಸ ಅಂಗಳದಲ್ಲಿ ನಾಲ್ಕು ಜನ ಹೆಂಗಸರಿದ್ರು, ಬೀಡಿಯ ಎಲೆ ಪಾಲು ಮಾಡ್ಲಿಕ್ಕೆ. ನೀನು ಶಾರ್ಜಾದಲ್ಲಿ ಅಂತ ಅವರಿಗೆಲ್ಲ ಹೇಳಿ ಒಂದು ವರ್ಷ ಆಗಿತ್ತು. ಸೂಪರ್ ಮಾರ್ಕೆಟಿನಲ್ಲಿ ಕೆಲಸ ಅಂತ ಸಹ ಹೇಳಿದ್ದೆ. ಅವರ ಎದುರಿಗೆ ಪೊಲೀಸಿಗೆ ಬೇರೆ ಎಂತ ಹೇಳುದು ಮಾರಾಯ?"

"ಅವರನ್ನು ಪಕ್ಕಕ್ಕೆ ಕರೆದು ಹೇಳ್ಬಹುದಿತ್ತು."

"ಪೊಲೀಸನ್ನು ಪಕ್ಕಕ್ಕೆ ಕರೆದ್ರೆ ಅದು ಇನ್ನೊಂದು ಕಥೆ ಆಗ್ತದೆ!" ಈಗ ಅವರ ಕೈ ನಿಂತಿತು. "ಮತ್ತೆ, ನಿನಗೆ ಪಾಸ್‌ಪೋರ್ಟ್ ಉಂಟಾ ಇಲ್ವಾ ಅಂತ ಅವರಿಗೇ ನೋಡ್ಲಿಕ್ಕೆ ಆಗ್ತಿತ್ತಲ್ಲ? ಪಾಸ್‌ಪೋರ್ಟಿಗೆ ಮನೆಗೆ ಬಂದು ತನಿಖೆ ಮಾಡುದು ಅವರೇ ಅಲ್ವಾ? ಒಬ್ಬ ಬೀಡಿ ಕಟ್ಟುವ ಹೆಂಗಸು ಹೇಳಿದ್ದನ್ನು ಬರ್ಕೊಂಡು ಹೋದ್ರು. ನನ್ನ ಮಾತಿಗೆ ಅಷ್ಟು ಬೆಲೆ ಅಂತ ಗೊತ್ತಿದ್ರೆ ಬೇರೆ ಎಂತಾದ್ರೂ ಹೇಳ್ತಿದ್ದೆ."

ಒಂದು ಮಾತನ್ನು ಯಾರಲ್ಲೂ ಇನ್ನೊಮ್ಮೆ ಕೇಳದೆ ಬರೆದುಕೊಂಡವರಲ್ಲಿ ನಾನೂ ಒಬ್ಬ.

ಬಸ್ಸಿಗೆ ಕಾಯುತ್ತಿದ್ದಾಗ ಗುಮಾಸ್ತರು, "ಸೂಪರ್ ಮಾರ್ಕೆಟ್ ಅಂತೆ. ಮ್ಯಾನೇಜರ್ ಅಂತಾದ್ರೂ ಹೇಳ್ಬಹುದಿತ್ತು," ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪ್ರತಿಯ ಕೊನೆಯ ಹಾಳೆಯಲ್ಲಿ ಒಂದು ಟಿಪ್ಪಣಿ ಇತ್ತು. ಒಂದನೇ ಆರೋಪಿ ಸಿಗದ ಕಾರಣ ಎರಡನೆಯವರ ಪ್ರಕರಣವನ್ನು ಬೇರ್ಪಡಿಸಲಾಗಿದೆ. ವಕೀಲೆ ಬೇರ್ಪಡಿಸಿದ ಪ್ರಕರಣದ ಸಂಖ್ಯೆ ಹಿಡಿದು ಕೋರ್ಟಿಗೆ ಹೋದರು. ಎರಡನೆಯವರೂ ಮೊದಲು ಸಿಗದೆ ಇಡೀ ಪ್ರಕರಣವೇ ಎಲ್.ಪಿ.ಗೆ ಹೋಗಿತ್ತು, ಸುಪ್ರೀಂ ಕೋರ್ಟಿನ ತೀರ್ಪು ಬಂದ ಮೇಲೆ ಅವರು ಹಾಜರಾಗಿದ್ದರು. 2019ರಲ್ಲಿ ಅದೇ ಕೋರ್ಟು, ಸುಪ್ರೀಂ ಕೋರ್ಟಿನ ತೀರ್ಪನ್ನು ಉಲ್ಲೇಖಿಸಿ, ಆರೋಪಪಟ್ಟಿಯಲ್ಲಿ ಹೇಳಿರುವುದು ಅಪರಾಧವೇ ಅಲ್ಲವೆಂದು ಅವರನ್ನು ಬಿಡುಗಡೆ ಮಾಡಿತ್ತು. ಅದೇ ಕೋಣೆ, ಅದೇ ಸಂಜೆ, ಅದೇ ಆರೋಪಪಟ್ಟಿ. ಹಾಜರಾದವರಿಗೆ ಅದು ಅಪರಾಧವಲ್ಲ. ಗಲ್ಫಿನಲ್ಲಿದ್ದಾರೆಂದು ಬರೆಸಿಕೊಂಡವರಿಗೆ ಆರು ವರ್ಷ ಕಳೆದರೂ ಅದು ಅಪರಾಧ.

ಆ ಆದೇಶದ ದಿನದ ನನ್ನ ನೋಟ್‌ಬುಕ್ ತೆಗೆದು ನೋಡಿದೆ. ಅಂದು ನಾನು ಅದೇ ಕೋರ್ಟಿನಲ್ಲಿದ್ದೆ. ಪುಟದಲ್ಲಿರುವುದು ಗಾಂಜಾ ಸಾಗಾಟದ ಒಂದು ಪ್ರಕರಣ ಮಾತ್ರ, ಅದಕ್ಕೆ ಶಿಕ್ಷೆಯಾಗಿತ್ತು.

ಮುಂದಿನ ದಾರಿ ಎರಡು ಎಂದರು ವಕೀಲೆ. ಎರ್ನಾಕುಳಕ್ಕೆ ಹೋಗಿ ಹೈಕೋರ್ಟಿನಲ್ಲಿ ಪ್ರಕರಣ ರದ್ದುಗೊಳಿಸಲು ಕೇಳುವುದು. ತಿಂಗಳುಗಟ್ಟಲೆ ಹಿಡಿಯುತ್ತದೆ, ಆದೇಶ ಹೆಸರು ಸಹಿತ ಇಂಟರ್‌ನೆಟ್ಟಿಗೆ ಬೀಳುತ್ತದೆ. ಇಲ್ಲವೇ ಇಲ್ಲೇ ಮ್ಯಾಜಿಸ್ಟ್ರೇಟರ ಮುಂದೆ ಶರಣಾಗುವುದು, ವಾರಂಟ್ ಹಿಂಪಡೆಸಿ ಜಾಮೀನು ಪಡೆದು, 2019ರ ಆದೇಶ ತೋರಿಸಿ ಬಿಡುಗಡೆ ಕೇಳುವುದು.

"ಶರಣಾಗುದು? ಎಂತಕ್ಕೆ? ಅಪರಾಧವೇ ಅಲ್ಲ ಅಂತ ಅದೇ ಕೋರ್ಟು ಹೇಳಿ ಆಗಿದೆಯಲ್ಲ ಮೇಡಂ?"

"ಅದು ಅವರಿಗೆ ಹೇಳಿದ್ದು. ನಿಮಗೆ ಹೇಳ್ಬೇಕಾದ್ರೆ ನೀವು ಕಟಕಟೆಯಲ್ಲಿ ನಿಲ್ಬೇಕು."

"ಈಗ ಆ ಕಾನೂನೇ ಇಲ್ಲವಲ್ಲ."

"ಇಲ್ಲ. 2024ರ ಜುಲೈಯಿಂದ ಹೊಸ ಸಂಹಿತೆ, ಅದರಲ್ಲಿ ಆ ಕಲಂ ಇಲ್ಲವೇ ಇಲ್ಲ. ಆದ್ರೆ ಹಳೆ ಕೇಸು ಹಳೆ ಕಾನೂನಿನಲ್ಲೇ ಮುಗಿಯಬೇಕು. ನನ್ನ ಮೇಲೆ ಸಿಟ್ಟು ಮಾಡ್ಬೇಡಿ, ನಾನು ಬರೆದದ್ದಲ್ಲ."

ಇನ್ನೊಂದು ತೊಡಕನ್ನೂ ಅವರೇ ಹೇಳಿದರು. ಸರಕಾರಿ ನೌಕರ ನಲವತ್ತೆಂಟು ಗಂಟೆಗಿಂತ ಹೆಚ್ಚು ಕಸ್ಟಡಿಯಲ್ಲಿದ್ದರೆ ಅಮಾನತಾದಂತೆ ಲೆಕ್ಕ. ಶರಣಾದ ದಿನವೇ ಜಾಮೀನು ಸಿಗಬೇಕು. ಶುಕ್ರವಾರ ಹೋಗುವಂತೆಯೇ ಇಲ್ಲ.

ಇತ್ತ ಇಲಾಖೆಗೆ ವಿವರಣೆ ಕೊಡುವ ದಿನ ಹತ್ತಿರವಾಗುತ್ತಿತ್ತು. ಪ್ರಕರಣ ಮುಗಿದರೂ 'ಮುಚ್ಚಿಟ್ಟ' ಆರೋಪ ಹಾಗೆಯೇ ಉಳಿಯುತ್ತದೆ. ಅವರು ನಂಬಿ ಬರೆದರು ಎನ್ನುವುದಕ್ಕೆ ಇದ್ದ ಆಧಾರ ಹಳದಿಯಾದ ಆ ತುಣುಕು. ಅದು ಸರಿಯಾದ ಸುದ್ದಿಯೆಂದು ಒಬ್ಬ ಓದುಗ ನಂಬುವ ಹಾಗೆ ಬರೆದದ್ದು ನಾನೇ ಎಂದು ಪ್ರಮಾಣ ಮಾಡಿ ಹೇಳುವುದೆಂದು ನಿರ್ಧರಿಸಿದೆ. ಸಂಪಾದಕರಿಗೆ ಫೋನ್ ಮಾಡಿದೆ.

"ಪೊಲೀಸರು ಹೇಳಿದ್ದನ್ನು ಬರೆದಿದ್ದೇವೆ. ನಮ್ಮದೆಂತ ತಪ್ಪು?"

"ಪೊಲೀಸರು ಹೇಳಿದರು ಅಂತ ಬರೆದಿದ್ದರೆ ತಪ್ಪಿರಲಿಲ್ಲ ಸರ್. ಇಲ್ಲ ಅಂತ ನಾವೇ ಹೇಳಿದ ಹಾಗೆ ಬರೆದಿದ್ದೇವೆ."

"ಆರೇಳು ವರ್ಷದ ಹಿಂದಿನ ಸುದ್ದಿಗೆ ಈಗ ತಿದ್ದುಪಡಿಯಾ? ನಾಳೆ ಊರಿನವರೆಲ್ಲ ಹಳೆ ಪೇಪರ್ ಹಿಡ್ಕೊಂಡು ಬರ್ತಾರೆ."

"ಬರಲಿ."

"ನಿಮ್ಮ ಹೆಸರಿನಲ್ಲಿ ಅಫಿಡವಿಟ್ ಕೊಡಿ, ಪತ್ರಿಕೆಯದ್ದು ಬೇಡ. ತಿದ್ದುಪಡಿ ಮೂರು ಸಾಲು ಮೀರಬಾರದು," ಎಂದರು.

ಮೂರು ಸಾಲು ಬರೆಯಲು ನನಗೆ ಎರಡು ದಿನ ಬೇಕಾಯಿತು. ಮೊದಲ ಕರಡಿನಲ್ಲಿ 'ಜಿಲ್ಲೆಯಲ್ಲಿ ಇಂಥ ಒಂದು ಪ್ರಕರಣ ಬಾಕಿ ಇದ್ದುದು ಈಗ ತಿಳಿದುಬಂದಿದೆ' ಎಂದಿತ್ತು. ಸತ್ಯ ಅದೇ. ಗುಮಾಸ್ತರಿಗೆ ಓದಲು ಕೊಟ್ಟೆ.

"ಒಂದು ಅಂತ ಬರೆದ್ರೆ ಆ ಒಂದು ಯಾರು ಅಂತ ಹುಡುಕ್ತಾರೆ ಅಣ್ಣಾ. ನನ್ನ ಮೆಮೊ ಕಚೇರಿಯ ತಪಾಲು ವಿಭಾಗ ದಾಟಿ ಬಂದದ್ದು. ಎರಡು ಜನ ಆಗಲೇ ನನ್ನ ಹತ್ತಿರ ಊಟಕ್ಕೆ ಕೂತುಕೊಳ್ಳುದಿಲ್ಲ. ನಿಮ್ಮ ಸತ್ಯಕ್ಕೆ ನನ್ನನ್ನು ಹಿಡ್ಕೊಡ್ಬೇಡಿ."

'ಒಂದು' ಎಂಬುದನ್ನು ಹೊಡೆದುಹಾಕಿದೆ. ಕೊನೆಗೆ ಅಚ್ಚಾದದ್ದು ಹೀಗೆ: '2018ರ ಸೆಪ್ಟೆಂಬರ್ 7ರ ಸಂಚಿಕೆಯಲ್ಲಿ, 377ನೇ ಕಲಮಿನ ಪ್ರಕರಣ ಜಿಲ್ಲೆಯಲ್ಲಿ ಬಾಕಿ ಇಲ್ಲ ಎಂದು ಪ್ರಕಟವಾಗಿತ್ತು. ಎಲ್.ಪಿ. ರಿಜಿಸ್ಟರಿನ ಪ್ರಕರಣಗಳನ್ನು ಪರಿಶೀಲಿಸದೆ ಹಾಗೆ ಬರೆಯಲಾಗಿತ್ತು. ತಪ್ಪಿಗೆ ವಿಷಾದಿಸುತ್ತೇವೆ.' ಓದಿದ ಯಾರೂ ನನಗೆ ಫೋನ್ ಮಾಡಲಿಲ್ಲ. ಅಚ್ಚಾದ ಪ್ರತಿ ಮತ್ತು ನನ್ನ ಅಫಿಡವಿಟ್ ಲಗತ್ತಿಸಿ ಗುಮಾಸ್ತರು ವಿವರಣೆ ಸಲ್ಲಿಸಿದರು. ಅಫಿಡವಿಟ್ಟಿನಲ್ಲಿ ಅಧಿಕಾರಿಯ ಹೆಸರು ಬರೆಯಲಿಲ್ಲ. ಒಂದೇ ಕಡೆ ವಿಚಾರಿಸಿದ್ದೆ ಎಂದಷ್ಟೇ ಬರೆದೆ.

ಗುಮಾಸ್ತರು ಶರಣಾದದ್ದು ಒಂದು ಮಂಗಳವಾರ. ಒಂದು ದಿನದ ರಜೆ ಹಾಕಿ ಬಂದಿದ್ದರು, ಇಸ್ತ್ರಿ ಹಾಕಿದ ಬಿಳಿ ಅಂಗಿ. ಜಗಲಿಯಲ್ಲಿ ನಿಂತು ಕೋರ್ಟಿನ ಜವಾನ ಅವರ ಹೆಸರನ್ನು ಮೂರು ಸಲ ಕೂಗಿದ. ಅವರು ಬಾಗಿಲ ಬಳಿಯೇ ನಿಂತಿದ್ದರೂ ಮೂರು ಸಲ ಕೂಗಿಯೇ ನಿಲ್ಲಿಸಿದ. ಸರಕಾರಿ ವಕೀಲರು, ಇಷ್ಟು ವರ್ಷ ತಲೆಮರೆಸಿಕೊಂಡವರಿಗೆ ಜಾಮೀನು ಕೊಡಬಾರದೆಂದು ಆಕ್ಷೇಪಿಸಿದರು. ನಮ್ಮ ವಕೀಲೆ ಪಿ.ಎಸ್.ಸಿ.ಯ ನೇಮಕಾತಿ ಪತ್ರ, ಅಂಗಡಿಗೆ ಪಂಚಾಯತು ಕೊಟ್ಟ ಲೈಸೆನ್ಸು, ಏಳು ವರ್ಷದ ಮತದಾರರ ಪಟ್ಟಿ ಒಂದೊಂದಾಗಿ ಮೇಜಿನ ಮೇಲಿಟ್ಟರು. ಸರಕಾರದ ಅಷ್ಟು ಕಚೇರಿಗಳಿಗೆ ಇವರ ವಿಳಾಸ ಗೊತ್ತಿತ್ತು.

ಜಾಮೀನಿಗೆ ಇಬ್ಬರು ಬೇಕು. ಒಬ್ಬರು ಝೆರಾಕ್ಸ್ ಅಂಗಡಿಯ ಪಕ್ಕದ ಟೈಲರ್. ಇನ್ನೊಬ್ಬರು ಅಕ್ಕ, ಭೂಕಂದಾಯದ ರಶೀದಿ ಕೈಯಲ್ಲಿ ಹಿಡಿದು ಬಂದಿದ್ದರು. ಮ್ಯಾಜಿಸ್ಟ್ರೇಟರು ಮಲಯಾಳದಲ್ಲಿ ಕೇಳಿದ್ದನ್ನು ಬೆಂಚ್ ಕ್ಲರ್ಕ್ ಕನ್ನಡದಲ್ಲಿ ಹೇಳಿದರು.

"ಆರೋಪಿ ನಿಮಗೆ ಎಂತ ಆಗ್ಬೇಕು?"

"ತಮ್ಮ."

"ಎಲ್ಲಿರುದು ಅವರು?"

ಕೋರ್ಟಿನಲ್ಲಿ ಅಂದು ಪುತ್ತಿಗೆಯ ಕಡೆಯ ಎರಡು ಪರಿಚಿತ ಮುಖಗಳು ಇದ್ದುವು, ಬೇರೆ ಯಾವುದೋ ಜಾಗದ ಗಡಿ ತಕರಾರಿಗೆ ಬಂದವರು. ಅಕ್ಕ ಆ ಕಡೆ ಒಮ್ಮೆ ನೋಡಿದರು.

"ಬೋವಿಕಾನದಲ್ಲಿ," ಎಂದರು. ಕೇಳದೆ ಇದ್ದರೂ ಸೇರಿಸಿದರು: "ಯಾವಾಗಲೂ ಅಲ್ಲೇ ಇದ್ದದ್ದು. ಶಾರ್ಜಾದಲ್ಲಿ ಅಲ್ಲ."

ನಾಲ್ಕೂವರೆಗೆ ಜಾಮೀನಿನ ಕಾಗದ ಮುಗಿಯಿತು.

ಬಿಡುಗಡೆಯ ಅರ್ಜಿ ಮೂರು ಸಲ ಮುಂದೆ ಹೋಯಿತು. ಒಮ್ಮೆ ಸರಕಾರಿ ವಕೀಲರಿಗೆ ರಜೆ, ಒಮ್ಮೆ ವಕೀಲರ ಕೋರ್ಟ್ ಬಹಿಷ್ಕಾರ, ಒಮ್ಮೆ ಮ್ಯಾಜಿಸ್ಟ್ರೇಟರ ವರ್ಗಾವಣೆ. ನಾಲ್ಕನೆಯ ಸಲ ಹೊಸ ಮ್ಯಾಜಿಸ್ಟ್ರೇಟರು ಹನ್ನೊಂದು ನಿಮಿಷ ಕೇಳಿ, ಒಂದೂವರೆ ಪುಟದ ಆದೇಶದಲ್ಲಿ ಅವರನ್ನು ಪ್ರಕರಣದಿಂದ ಬಿಡುಗಡೆ ಮಾಡಿದರು. ಅದರಲ್ಲಿ ಒಂದು ಪ್ಯಾರಾ 2019ರ ಆದೇಶದ್ದೇ. ಸುದ್ದಿ ಮಾಡಲೇ ಎಂದು ಕೇಳಿದೆ. ಬೇಡವೆಂದರು. ಬಿಡುಗಡೆಯ ಸುದ್ದಿ ಬರೆಯದ ನಮ್ಮ ಪದ್ಧತಿ ಅಂದು ಒಬ್ಬರ ಉಪಯೋಗಕ್ಕೆ ಬಂತು. ಈ ಬರಹವನ್ನು ಅವರು ಓದಿ, ಕಚೇರಿಯ ಗುರುತು ಹೇಳುವ ಎರಡು ಸಾಲು ತೆಗೆಸಿ, ಒಪ್ಪಿಗೆ ಕೊಟ್ಟಿದ್ದಾರೆ.

ಇಲಾಖೆ ಅವರ ವಿವರಣೆಯನ್ನು ಒಪ್ಪಿಯೂ ಇಲ್ಲ, ತಳ್ಳಿಯೂ ಇಲ್ಲ. ಪೊಲೀಸರಿಂದ ಹೊಸ ಪರಿಶೀಲನಾ ವರದಿ ಬಂದ ಮೇಲೆ ನೋಡುವುದಾಗಿ ತಿಳಿಸಿದೆ. ಆದೇಶದ ದೃಢೀಕೃತ ಪ್ರತಿಯನ್ನು ವಕೀಲೆ ಠಾಣೆಗೆ ಕೊಟ್ಟು ರಶೀದಿ ಪಡೆದಿದ್ದಾರೆ.

ಕಳೆದ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನು ಠಾಣೆಗೆ ಹೋಗಿ ವಿಚಾರಿಸಿದೆ. ಠಾಣೆಯ ದಾಖಲೆ ಬರೆಯುವ ಪೇದೆ, ಅಲ್ಲಿ ರೈಟರ್ ಎನ್ನುತ್ತಾರೆ, ಕಂಪ್ಯೂಟರ್ ನೋಡಿ ಓದಿ ಹೇಳಿದರು. ಆ ಹೆಸರಿನ ಎದುರು ಈಗಲೂ 'ಎಲ್.ಪಿ., ಆರೋಪಿ ವಿದೇಶದಲ್ಲಿ' ಎಂದಿದೆ. ಅಂದು ಹತ್ತು ಗಂಟೆಗೆ ಐದು ನಿಮಿಷವಿರುವಾಗ ಗುಮಾಸ್ತರು ತಮ್ಮ ಕಚೇರಿಯಲ್ಲಿ ಹಾಜರಿ ಹಾಕಿದ್ದರು.